ಹಿಮದ ಕಡಲಿನ ಜೀವಿಗಳನ್ನು ಗುರುತಿಸಿದ ಒಟ್ಟೊ ಫ್ಯಾಬ್ರಿಸಿಯಸ್

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಸಂತೋಷದಲ್ಲಿ ಈ ಸಂಚಿಕೆ ಹೊರಬರುತ್ತಿದೆ. ಒಬ್ಬ ಮಹನೀಯರ ಜೀವನವನ್ನು ಮಕ್ಕಳಿಗೂ ಊರಿನವರಿಗೂ ತಿಳಿಯುವಂತೆ ಬರೆದುಕೊಡಬೇಕೆಂದು ಗುರುಗಳು ಹೇಳಿದರು. ಗಾಂಧೀಜಿ, ವಿಶ್ವೇಶ್ವರಯ್ಯ, ಸಿ. ವಿ. ರಾಮನ್ ಅವರ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಆರಿಸಿಕೊಂಡವರು ಡೆನ್ಮಾರ್ಕ್ ದೇಶದ ಒಬ್ಬ ಪಾದ್ರಿ. ಹೆಸರು ಒಟ್ಟೊ ಫ್ಯಾಬ್ರಿಸಿಯಸ್. ಅವರು ತೀರಿಕೊಂಡು ಇನ್ನೂರು ವರ್ಷ ದಾಟಿದೆ. ಪ್ರಾಣಿಶಾಸ್ತ್ರ ಓದಿದವರಿಗೂ ಗ್ರೀನ್‌ಲ್ಯಾಂಡಿನ ಚರಿತ್ರೆ ಬಲ್ಲವರಿಗೂ ಅದು ಇಂದಿಗೂ ದೊಡ್ಡ ಹೆಸರು. ಹಿಮದ ಕಡಲಿನಲ್ಲಿ ತೇಲುವ ಗಾಜಿನಂಥ ಜೀವಿಗಳನ್ನು ಅವರು ಯಾವ ಪ್ರಯೋಗಾಲಯವೂ ಇಲ್ಲದೆ ಗುರುತಿಸಿ ಹೆಸರಿಟ್ಟರು. ಹಳ್ಳಿಯ ಶಾಲೆಯಲ್ಲಿ ಓದಿದ ನಮ್ಮಂಥವರು ತಿಳಿದಿರಬೇಕಾದ ಬದುಕು ಅದು ಎಂದು ನನಗೆ ಅನ್ನಿಸಿದೆ.

ನಮ್ಮ ಸೀಮೆಗೂ ಡೆನ್ಮಾರ್ಕಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಶಿವನಸಮುದ್ರದಲ್ಲಿ ಧುಮುಕಿ, ಹೊಗೇನಕಲ್ಲಿನಲ್ಲಿ ಮತ್ತೆ ಧುಮುಕಿ ಹೋಗುವ ನಮ್ಮ ಕಾವೇರಿ ಕಡಲು ಸೇರುವುದು ಪೂಂಪುಹಾರಿನಲ್ಲಿ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ತರಂಗಂಬಾಡಿ ಎಂಬ ಊರಿದೆ. 1620ರಿಂದ 1845ರವರೆಗೆ ಅದು ಡೆನ್ಮಾರ್ಕಿನ ವ್ಯಾಪಾರದ ಕೋಟೆಯಾಗಿತ್ತು. ಅಲ್ಲಿಗೆ ಮಿಷನರಿಗಳನ್ನು ಕಳಿಸುತ್ತಿದ್ದುದು ಕೋಪನ್‌ಹೇಗನ್ನಿನಲ್ಲಿದ್ದ ಒಂದು ಮಂಡಳಿ. ಅದೇ ಮಂಡಳಿ ಇನ್ನು ಕೆಲವರನ್ನು ಉತ್ತರ ಧ್ರುವದ ಕಡೆಗೂ ಕಳಿಸುತ್ತಿತ್ತು. ಒಬ್ಬರು ಕಾವೇರಿಯ ಬಿಸಿಲಿಗೆ ಬಂದರೆ ಇನ್ನೊಬ್ಬರು ಗ್ರೀನ್‌ಲ್ಯಾಂಡಿನ ಮಂಜಿಗೆ ಹೋಗುತ್ತಿದ್ದರು. ಫ್ಯಾಬ್ರಿಸಿಯಸ್ ಮಂಜಿನ ಕಡೆಗೆ ಹೋದವರು.

ಅವರು ಹುಟ್ಟಿದ್ದು 1744ರ ಮಾರ್ಚ್ 6ರಂದು, ಡೆನ್ಮಾರ್ಕಿನ ಲಾಂಗೆಲ್ಯಾಂಡ್ ದ್ವೀಪದ ರೂಡ್‌ಕ್ಯೋಬಿಂಗ್ ಎಂಬ ಪಟ್ಟಣದಲ್ಲಿ. ತಂದೆಯೂ ಪಾದ್ರಿಗಳೇ. ಆ ಕಾಲದಲ್ಲಿ ಗ್ರೀನ್‌ಲ್ಯಾಂಡಿನ ಹೆಸರು ಅಂಥ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುತ್ತಿತ್ತು. 1721ರಲ್ಲಿ ಹನ್ಸ್ ಎಗೆಡೆ ಎಂಬ ಮಿಷನರಿ ಹೆಂಡತಿ ಮಕ್ಕಳೊಂದಿಗೆ ಅಲ್ಲಿಗೆ ಹೋಗಿ ನೆಲೆಸಿದ್ದರು. ಅವರ ಮಗ ಪೌಲ್ ಎಗೆಡೆ ಅಲ್ಲಿನ ಮಕ್ಕಳ ಜೊತೆಗೇ ಬೆಳೆದು ಆ ಭಾಷೆಯನ್ನು ಚೆನ್ನಾಗಿ ಕಲಿತಿದ್ದರು. ಮುಂದೆ ಕೋಪನ್‌ಹೇಗನ್ನಿನಲ್ಲಿ ಗ್ರೀನ್‌ಲ್ಯಾಂಡಿಗೆ ಹೋಗುವ ತರುಣರಿಗೆ ತರಬೇತಿ ಕೊಡುವ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಫ್ಯಾಬ್ರಿಸಿಯಸ್ ಆ ಶಾಲೆಗೆ ಸೇರಿದರು. ಹೋಗುವ ಊರಿನ ಮಾತನ್ನು ಹೋಗುವ ಮೊದಲೇ ಕಲಿಯಬೇಕು ಎಂಬುದು ಅವರ ಮೊದಲ ಪಾಠವಾಯಿತು.

1768ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಹಡಗು ಹತ್ತಿದರು. ಇಳಿದದ್ದು ಗ್ರೀನ್‌ಲ್ಯಾಂಡಿನ ನೈರುತ್ಯ ತೀರದ ಫ್ರೆಡ್ರಿಕ್ಸ್‌ಹಾಬ್ ಎಂಬ ಸಣ್ಣ ಠಾಣೆಯಲ್ಲಿ. ಇಂದು ಆ ಊರಿಗೆ ಪಾಮಿಯುಟ್ ಎಂಬ ಸ್ಥಳೀಯ ಹೆಸರೇ ಇದೆ. ಅದು ಭೂಪಟದಲ್ಲಿ ಉತ್ತರ ಧ್ರುವವೃತ್ತದ ಗೆರೆಗಿಂತ ಸ್ವಲ್ಪ ಕೆಳಗಿದೆ. ಆದರೆ ಧ್ರುವದ ಕಡೆಯಿಂದ ಹರಿದು ಬರುವ ತಣ್ಣನೆಯ ಪ್ರವಾಹ ಗ್ರೀನ್‌ಲ್ಯಾಂಡಿನ ತುದಿಯನ್ನು ಬಳಸಿಕೊಂಡು, ತೇಲುವ ಮಂಜುಗಡ್ಡೆಗಳನ್ನು ಹೊತ್ತು ಆ ತೀರಕ್ಕೆ ಬರುತ್ತದೆ. ಹೀಗಾಗಿ ಅಲ್ಲಿನ ನೀರು ಧ್ರುವದ ನೀರು, ಜೀವಿಗಳೂ ಧ್ರುವದ ಜೀವಿಗಳು. ಬೆಳೆ ಬೆಳೆಯುವ ನೆಲವಲ್ಲ, ಮರವಿಲ್ಲ. ಅನ್ನ, ಬಟ್ಟೆ, ದೀಪದ ಎಣ್ಣೆ, ದೋಣಿಯ ಹೊದಿಕೆ ಎಲ್ಲವೂ ಬರಬೇಕಾದದ್ದು ಕಡಲಿನಿಂದ, ಮುಖ್ಯವಾಗಿ ಸೀಲ್ ಎಂಬ ಪ್ರಾಣಿಯಿಂದ.

ಫ್ಯಾಬ್ರಿಸಿಯಸ್ ಅಲ್ಲಿದ್ದುದು 1773ರವರೆಗೆ, ಸುಮಾರು ಐದು ವರ್ಷ. ಅವರು ಠಾಣೆಯ ಯೂರೋಪಿಯನ್ನರ ನಡುವೆಯೇ ಕಾಲ ಕಳೆಯಲಿಲ್ಲ. ಗ್ರೀನ್‌ಲ್ಯಾಂಡಿನ ಜನರ ಉಡುಪು ಹಾಕಿದರು. ಕಲ್ಲು ಮತ್ತು ಹುಲ್ಲುಹೆಂಟೆಗಳಿಂದ ಕಟ್ಟಿದ ಅವರಂಥದೇ ಮನೆಯಲ್ಲಿ, ಸೀಲಿನ ಕೊಬ್ಬು ಉರಿಯುವ ಕಲ್ಲಿನ ದೀಪದ ಬೆಳಕಿನಲ್ಲಿ ಚಳಿಗಾಲ ಕಳೆದರು. ಎಲ್ಲಕ್ಕಿಂತ ಮುಖ್ಯವಾಗಿ ಕಯಾಕ್ ನಡೆಸಲು ಕಲಿತರು. ನಮ್ಮ ಹೊಗೇನಕಲ್ಲಿನ ಹರಿಗೋಲನ್ನು ಹಿಂದೆ ಬಿದಿರಿನ ಹಂದರಕ್ಕೆ ಚರ್ಮ ಹೊದಿಸಿ ಮಾಡುತ್ತಿದ್ದರಲ್ಲ, ಹಾಗೆಯೇ ಕಡಲಿನಲ್ಲಿ ತೇಲಿ ಬಂದ ಕಟ್ಟಿಗೆಯ ಹಂದರಕ್ಕೆ ಸೀಲಿನ ಚರ್ಮ ಹೊಲಿದು ಮಾಡಿದ ಉದ್ದನೆಯ ಕಿರಿದಾದ ದೋಣಿ ಕಯಾಕ್. ಒಬ್ಬರೇ ಕೂರಬೇಕು. ತೋಲ ತಪ್ಪಿದರೆ ಹಿಮದಷ್ಟೇ ತಣ್ಣಗಿನ ನೀರು. ಅಂಥ ದೋಣಿಯಲ್ಲಿ ಕೂತು ಈಟಿ ಎಸೆದು ಸೀಲ್ ಹಿಡಿಯುವಷ್ಟು ಪಳಗಿದರು ಆ ಪಾದ್ರಿ. ಪುಸ್ತಕ ಓದಿದ ವಿದೇಶಿಯನೊಬ್ಬ ಬೇಟೆಗಾರರಿಂದ ಪಾಠ ಕಲಿತದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಕಯಾಕಿನಲ್ಲಿ ಕೂತವರ ಕಣ್ಣು ನೀರಿಗೆ ಬಹಳ ಹತ್ತಿರವಿರುತ್ತದೆ. ದೊಡ್ಡ ಹಡಗಿನ ಕಟಕಟೆಯಿಂದ ಕಾಣದ್ದು ಅಲ್ಲಿಂದ ಕಾಣುತ್ತದೆ. ಹಿಮದ ಕಡಲಿನ ತಿಳಿನೀರಿನಲ್ಲಿ ಬೇಸಿಗೆಯ ಹೊತ್ತಿಗೆ ಕಾಣುವ ವಿಚಿತ್ರ ಜೀವಿಗಳಲ್ಲಿ ಬಾಚಣಿಗೆ ಜೆಲ್ಲಿಗಳೂ ಸೇರಿವೆ. ಬೇಸಿಗೆಯಲ್ಲಿ ನಮ್ಮ ರಸ್ತೆ ಬದಿಯಲ್ಲಿ ತಾಟಿನುಂಗು ಸುಲಿದು ಕೊಡುತ್ತಾರಲ್ಲ, ಆ ತಿರುಳನ್ನು ಕೈಯಲ್ಲಿ ಹಿಡಿದಾಗ ಹೇಗೆ ಅರೆಪಾರದರ್ಶಕವಾಗಿ ಜಾರುತ್ತದೋ ಹೆಚ್ಚುಕಡಿಮೆ ಹಾಗಿರುತ್ತದೆ ಅವುಗಳ ಮೈ. ಮೂಳೆಯಿಲ್ಲ, ಚಿಪ್ಪಿಲ್ಲ, ಮೈಯ ಬಹುಪಾಲು ನೀರೇ. ಮೈಯ ಉದ್ದಕ್ಕೂ ಎಂಟು ಸಾಲುಗಳು. ಒಂದೊಂದು ಸಾಲಿನಲ್ಲೂ ಪುಟ್ಟ ಪುಟ್ಟ ಬಾಚಣಿಗೆಗಳನ್ನು ಜೋಡಿಸಿದಂತೆ ಸೂಕ್ಷ್ಮ ರೋಮಗಳ ಪಟ್ಟಿಗಳು. ಜೀವಶಾಸ್ತ್ರದ ಪಾಠದಲ್ಲಿ ನಾವು ಓದಿದ ಲೋಮಾಂಗಗಳೇ ಅವು. ಅವು ಒಂದರ ಹಿಂದೆ ಒಂದು ಬಡಿಯುತ್ತಾ ಮೈಯನ್ನು ಮುಂದಕ್ಕೆ ತಳ್ಳುತ್ತವೆ. ಲೋಮಾಂಗಗಳಿಂದ ಈಜುವ ಪ್ರಾಣಿಗಳಲ್ಲಿ ಇವುಗಳಷ್ಟು ದೊಡ್ಡವು ಬೇರೆ ಇಲ್ಲ.

ಆ ಪಟ್ಟಿಗಳ ಮೇಲೆ ಬಿಸಿಲು ಬಿದ್ದಾಗ ಕಾಮನಬಿಲ್ಲಿನ ಬಣ್ಣಗಳು ಓಡುತ್ತವೆ. ಕೊಳ್ಳೇಗಾಲದ ಮಗ್ಗದಲ್ಲಿ ಎರಡು ಬಣ್ಣದ ನೂಲು ಸೇರಿಸಿ ನೇಯ್ದ ರೇಷ್ಮೆ ಸೀರೆಯನ್ನು ಅಲುಗಿಸಿದರೆ ಬಣ್ಣ ಹೊರಳಿದಂತೆ ಕಾಣುತ್ತದೆ. ಇಲ್ಲಿನ ಕಾರಣ ಬೇರೆ, ಕಣ್ಣಿಗೆ ಬೀಳುವ ಸೊಗಸು ಅದೇ. ಬಾಚಣಿಗೆಯ ಪಟ್ಟಿಗಳು ಬೆಳಕನ್ನು ಒಡೆದು ಚೆಲ್ಲುವುದರಿಂದ ಆ ಬಣ್ಣ ಹುಟ್ಟುತ್ತದೆ. ಇದಲ್ಲದೆ ಇವುಗಳಲ್ಲಿ ಹಲವು ಕತ್ತಲಲ್ಲಿ ಮಿಂಚುಹುಳುವಿನಂತೆ ಸ್ವಂತ ಬೆಳಕನ್ನೂ ಬೀರುತ್ತವೆ. ಹಗಲಿನ ಬಣ್ಣವೇ ಬೇರೆ, ಇರುಳಿನ ಬೆಳಕೇ ಬೇರೆ.

ಫ್ಯಾಬ್ರಿಸಿಯಸ್ ಅವರಿಗಿಂತ ಮೊದಲೇ ಇವುಗಳನ್ನು ಕಂಡವರಿದ್ದರು. 1671ರಲ್ಲಿ ಹ್ಯಾಂಬರ್ಗಿನ ಫ್ರೆಡೆರಿಕ್ ಮಾರ್ಟೆನ್ಸ್ ಎಂಬವರು ತಿಮಿಂಗಿಲ ಬೇಟೆಯ ಹಡಗಿನಲ್ಲಿ ಸ್ಪಿಟ್ಸ್‌ಬರ್ಗನ್ ದ್ವೀಪದ ಕಡಲಿಗೆ ಹೋಗಿದ್ದರು. ಹಡಗಿನವರಿಗೆ ಕ್ಷೌರ ಮಾಡುವುದು, ಗಾಯಕ್ಕೆ ಔಷಧಿ ಹಾಕುವುದು ಎರಡೂ ಅವರ ಕೆಲಸ. ಅಲ್ಲಿ ಕಂಡ ಲೋಳೆಯಂಥ ಜೀವಿಗಳನ್ನು ವರ್ಣಿಸಿ, 1675ರಲ್ಲಿ ಅಚ್ಚಾದ ತಮ್ಮ ಪ್ರವಾಸದ ಪುಸ್ತಕದಲ್ಲಿ ಸೇರಿಸಿದರು. ಬಾಚಣಿಗೆ ಜೆಲ್ಲಿಗಳ ಬಗ್ಗೆ ಬರಹದಲ್ಲಿ ಸಿಗುವ ಮೊದಲ ದಾಖಲೆ ಅದೇ ಎನ್ನುತ್ತಾರೆ. ಆದರೆ ಕಂಡದ್ದನ್ನು ವರ್ಣಿಸುವುದು ಒಂದು, ಇದು ಇಂಥದೇ ಜೀವಿ, ಅದಲ್ಲ ಎಂದು ಬೇರ್ಪಡಿಸಿ ಹೇಳುವುದು ಇನ್ನೊಂದು. ಆ ಎರಡನೆಯ ಕೆಲಸಕ್ಕೆ ಬೇಕಾದ ಕ್ರಮವನ್ನು ಸ್ವೀಡನ್ನಿನ ಲಿನ್ನೇಯಸ್ ತಮ್ಮ ಗ್ರಂಥದ 1758ರ ಆವೃತ್ತಿಯಲ್ಲಿ ಪ್ರಾಣಿಗಳಿಗೆಲ್ಲ ಅನ್ವಯಿಸಿದ್ದರು. ಪ್ರತಿ ಜೀವಿಗೂ ಎರಡು ಪದದ ಹೆಸರು. ಮೊದಲನೆಯದು ಕುಲದ್ದು, ಎರಡನೆಯದು ಪ್ರಭೇದದ್ದು. ನಮ್ಮಲ್ಲಿ ಮನೆತನದ ಹೆಸರೂ ಇಟ್ಟ ಹೆಸರೂ ಸೇರಿ ಒಬ್ಬ ವ್ಯಕ್ತಿಯನ್ನು ಗುರುತಿಸುವ ಹಾಗೆ.

ಫ್ಯಾಬ್ರಿಸಿಯಸ್ ಅವರ ಕೈಲಿದ್ದ ಮುಖ್ಯ ಆಧಾರ ಲಿನ್ನೇಯಸರ ಆ ಕ್ರಮ. ಆದರೆ ಮೆತ್ತನೆಯ ಮೈಯ ಜೀವಿಗಳ ವಿಷಯದಲ್ಲಿ ಲಿನ್ನೇಯಸರ ಗ್ರಂಥ ಹೆಚ್ಚು ನೆರವಾಗುವಂತಿರಲಿಲ್ಲ. ಹುಳು, ಬಸವನಹುಳು, ನಕ್ಷತ್ರ ಮೀನು, ಲೋಳೆಮೀನು ಎಲ್ಲವನ್ನೂ ಹುಳುಗಳು ಎಂಬ ಒಂದೇ ದೊಡ್ಡ ಮೂಟೆಗೆ ತುಂಬಿದ್ದರು. ಹಿಮದ ಕಡಲಿನಲ್ಲಿ ಸಿಕ್ಕ ಪರಿಚಯವಿಲ್ಲದ ಜೀವಿಯನ್ನು ಆ ಮೂಟೆಯಲ್ಲಿ ಹುಡುಕಿದರೆ ಹೆಸರು ಸಿಗುವುದು ಕಷ್ಟ. ಸಿಗದಿದ್ದಾಗ ನೋಡುವವರು ತಮ್ಮ ಕಣ್ಣನ್ನೇ ನಂಬಬೇಕು.

ಇನ್ನೊಂದು ತೊಂದರೆ ಇತ್ತು. ಹಕ್ಕಿಯ ಚರ್ಮ ಒಣಗಿಸಿ ಇಡಬಹುದು. ಮೀನನ್ನು ಮದ್ಯಸಾರದಲ್ಲಿ ಹಾಕಿ ಊರಿಗೆ ತರಬಹುದು. ಬಾಚಣಿಗೆ ಜೆಲ್ಲಿಯನ್ನು ಒಣಗಿಸಿದರೆ ಏನೂ ಉಳಿಯುವುದಿಲ್ಲ, ಮದ್ಯಸಾರದಲ್ಲಿ ಹಾಕಿದರೆ ಮುದುಡಿ ಚೂರಾಗುತ್ತದೆ. ಬಲೆಗೆ ಸಿಕ್ಕಿದರೂ ಹರಿದು ಹೋಗುತ್ತದೆ. ಇಂದಿನ ವಿಜ್ಞಾನಿಗಳಿಗೂ ಇದು ತಲೆನೋವೇ. ಅಂದಮೇಲೆ ಕ್ಯಾಮೆರಾ ಇಲ್ಲದ ಆ ಕಾಲದಲ್ಲಿ ಉಳಿದ ದಾರಿ ಒಂದೇ. ಜೀವಂತವಾಗಿರುವಾಗಲೇ, ಅದರದೇ ನೀರಿನಲ್ಲಿ ನೋಡಬೇಕು. ನೋಡಿದ್ದನ್ನು ಮರೆಯುವ ಮೊದಲು ಬರೆದಿಡಬೇಕು.

ಇಂಥ ಜೀವಿಯನ್ನು ಗುರುತಿಸುವ ಬಗೆ ಹೇಗೆಂದು ಹೇಳುತ್ತೇನೆ. ನನ್ನ ಕೆಲಸ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು. ಅಲ್ಲಿಯೂ ಒಂದು ಪ್ರಶ್ನೆ ಕೇಳಿ, ಹೌದಾದರೆ ಈ ದಾರಿ, ಇಲ್ಲವಾದರೆ ಆ ದಾರಿ ಎಂದು ಕವಲು ಒಡೆಯುತ್ತಾ ಹೋಗುತ್ತೇವೆ. ಪ್ರಾಣಿಶಾಸ್ತ್ರದಲ್ಲಿ ಗುರುತಿಸುವುದೂ ಹಾಗೆಯೇ. ಮೊದಲ ಪ್ರಶ್ನೆ, ಇದು ಹೇಗೆ ಈಜುತ್ತದೆ? ಕೊಡೆಯಂತೆ ಮೈಯನ್ನು ಅರಳಿಸಿ ಮುಚ್ಚಿ ಹೋಗುತ್ತಿದ್ದರೆ ಅದು ಲೋಳೆಮೀನಿನ ಬಳಗ. ಅವುಗಳಲ್ಲಿ ಹಲವು ತಗಲಿದರೆ ಚುರುಗುಟ್ಟಿಸುತ್ತವೆ. ಮೈ ಹಾಗೆ ಬಡಿದುಕೊಳ್ಳದೆ, ಎಂಟು ಸಾಲುಗಳು ಮಿನುಗುತ್ತಾ ಜಾರಿಕೊಂಡು ಹೋದರೆ ಬಾಚಣಿಗೆ ಜೆಲ್ಲಿ. ಇವು ಚುಚ್ಚುವುದಿಲ್ಲ.

ಎರಡನೆಯ ಪ್ರಶ್ನೆ, ದಾರದಂಥ ಎಳೆಗಳಿವೆಯೇ? ಹಿಮದ ಕಡಲಿನ ಒಂದು ಬಗೆಗೆ ಉದ್ದನೆಯ ಎರಡು ಎಳೆಗಳಿವೆ. ಅವುಗಳಲ್ಲಿ ಗೋಂದಿನಂತೆ ಅಂಟುವ ಕೋಶಗಳಿರುತ್ತವೆ. ಎಳೆಗಳನ್ನು ಬಲೆಯಂತೆ ಹರಡಿ, ಅಂಟಿಕೊಂಡ ಪುಟ್ಟ ಸಿಗಡಿಯಂಥ ಜೀವಿಗಳನ್ನು ಎಳೆದುಕೊಂಡು ತಿನ್ನುತ್ತದೆ. ಇನ್ನೊಂದು ಬಗೆಗೆ ಎಳೆಗಳೇ ಇಲ್ಲ. ಅದು ಚೀಲದಂತೆ, ಒಂದು ತುದಿಯಲ್ಲಿ ಅಗಲವಾದ ಬಾಯಿ. ಅದು ಹಿಡಿದು ನುಂಗುವುದು ಬೇರೆ ಬಾಚಣಿಗೆ ಜೆಲ್ಲಿಗಳನ್ನೇ. ಹೀಗೆ ಈಜು, ಎಳೆ, ಬಾಯಿ, ಆಕಾರ ಎಂದು ಒಂದೊಂದನ್ನೇ ನೋಡುತ್ತಾ ಹೋದರೆ, ದೂರದಿಂದ ಒಂದೇ ಲೋಳೆ ಮುದ್ದೆಯಾಗಿ ಕಂಡದ್ದು ಎರಡು ಬೇರೆ ಬೇರೆ ಜೀವಿಗಳಾಗುತ್ತವೆ.

ಫ್ಯಾಬ್ರಿಸಿಯಸ್ ಈ ಎರಡಕ್ಕೂ ಲ್ಯಾಟಿನ್ನಿನಲ್ಲಿ ಹೆಸರಿಟ್ಟರು. ಎಳೆಗಳಿರುವ, ದುಂಡಗಿನ ಜೀವಿಗೆ ಓವಮ್ ಎಂದರು. ಅಂದರೆ ಮೊಟ್ಟೆ. ಎಳೆಗಳಿಲ್ಲದ, ಉದ್ದನೆಯ ಚೀಲದಂಥ ಜೀವಿಗೆ ಕುಕುಮಿಸ್ ಎಂದರು. ಅಂದರೆ ಸೌತೆಕಾಯಿ. ಕಷ್ಟದ ಹೆಸರುಗಳೆಂದು ನಾವು ಹೆದರುವ ಲ್ಯಾಟಿನ್ ಪದಗಳ ಹಿಂದೆ ಅಡುಗೆಮನೆಯ ಪದಾರ್ಥಗಳು ಕೂತಿವೆ. ಎರಡನ್ನೂ ಅವರು ಬೆರೋಯಿ ಎಂಬ ಕುಲಕ್ಕೆ ಸೇರಿಸಿದ್ದರು. ಸೌತೆಕಾಯಿ ಇಂದಿಗೂ ಅದೇ ಕುಲದಲ್ಲಿದೆ. ಮೊಟ್ಟೆಯನ್ನು ಮುಂದೆ ಮರ್ಟೆನ್ಸಿಯ ಎಂಬ ಬೇರೆ ಕುಲಕ್ಕೆ ವರ್ಗಾಯಿಸಲಾಯಿತು. ರಷ್ಯದ ಹಡಗಿನಲ್ಲಿ ಲೋಕ ಸುತ್ತಿ ಇಂಥ ಜೀವಿಗಳನ್ನು ಅಭ್ಯಾಸ ಮಾಡಿದ ಕಾರ್ಲ್ ಹೈನ್ರಿಕ್ ಮರ್ಟೆನ್ಸ್ ಎಂಬ ವಿಜ್ಞಾನಿಯ ಹೆಸರಿನ ಕುಲ ಅದು. ಕುಲ ಬದಲಾದರೂ ಫ್ಯಾಬ್ರಿಸಿಯಸ್ ಇಟ್ಟ ಪ್ರಭೇದದ ಹೆಸರು ಹಾಗೆಯೇ ಉಳಿಯಿತು. ಇಂದು ಯಾವ ದೇಶದ ವಿಜ್ಞಾನಿ ಆ ಜೀವಿಗಳ ಬಗ್ಗೆ ಬರೆದರೂ ಹೆಸರಿನ ಮುಂದೆ ಫ್ಯಾಬ್ರಿಸಿಯಸ್, 1780 ಎಂದು ಸೇರಿಸುವುದು ವಾಡಿಕೆ.

1780 ಎಂಬುದು ಅವರ ಪುಸ್ತಕ ಹೊರಬಂದ ವರ್ಷ. ಗ್ರೀನ್‌ಲ್ಯಾಂಡಿನಿಂದ ಮರಳಿದ ಮೇಲೆ ಅವರು ನಾರ್ವೆಯ ಡ್ರಾಂಗೆಡಾಲ್ ಎಂಬ ಒಳನಾಡಿನ ಊರಿನಲ್ಲಿ ಪಾದ್ರಿಯಾಗಿದ್ದರು. ಟಿಪ್ಪಣಿಗಳನ್ನು ಸುಮ್ಮನೆ ಪೆಟ್ಟಿಗೆಯಲ್ಲಿಡಲಿಲ್ಲ. ಡೆನ್ಮಾರ್ಕಿನ ಪ್ರಾಣಿಶಾಸ್ತ್ರಜ್ಞ ಒಟ್ಟೊ ಫ್ರೆಡ್ರಿಕ್ ಮ್ಯೂಲರ್ ಅವರಿಗೆ ತಾವು ಕಂಡದ್ದನ್ನು ತಿಳಿಸಿದರು. ಮ್ಯೂಲರ್ 1776ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದನ್ನು ಬಳಸಿಕೊಂಡರು. ಆಮೇಲೆ ಫ್ಯಾಬ್ರಿಸಿಯಸ್ ತಮ್ಮದೇ ಪುಸ್ತಕ ಫೌನಾ ಗ್ರೋಯೆನ್‌ಲ್ಯಾಂಡಿಕಾವನ್ನು ಹೊರತಂದರು. ಗ್ರೀನ್‌ಲ್ಯಾಂಡಿನ ಪ್ರಾಣಿಗಳು ಎಂದು ಅದರ ಅರ್ಥ. ತಿಮಿಂಗಿಲದಿಂದ ಹಿಡಿದು ಕಡಲ ತಳದ ಹುಳುವಿನವರೆಗೆ 473 ಬಗೆಯ ಪ್ರಾಣಿಗಳು ಅದರಲ್ಲಿವೆ. ಒಬ್ಬ ಮನುಷ್ಯ, ಒಂದು ತೀರ, ಸುಮಾರು ಐದು ವರ್ಷ. ಈ ಲೆಕ್ಕ ನೋಡಿದರೆ ಆ ಶ್ರಮ ಎಷ್ಟೆಂದು ತಿಳಿಯುತ್ತದೆ.

ಆ ಪುಸ್ತಕದ ಮೊದಲ ಪುಟವನ್ನು ಮಕ್ಕಳು ಗಮನಿಸಬೇಕು. ಪ್ರತಿ ಪ್ರಾಣಿಯ ಬಗ್ಗೆ ಏನೇನು ಹೇಳಲಾಗುವುದೆಂಬುದು ಅಲ್ಲಿಯೇ ಇದೆ. ಶಾಸ್ತ್ರೀಯ ಹೆಸರು, ಊರಿನ ಜನ ಕರೆಯುವ ಹೆಸರು, ಬೇರೆ ಲೇಖಕರು ಕೊಟ್ಟ ಹೆಸರು, ವರ್ಣನೆ, ಇರುವ ಜಾಗ, ತಿನ್ನುವ ಆಹಾರ, ಮರಿ ಮಾಡುವ ಬಗೆ, ನಡತೆ, ಜನರಿಗೆ ಆಗುವ ಉಪಯೋಗ, ಹಿಡಿಯುವ ವಿಧಾನ. ಇಷ್ಟನ್ನೂ ಸಿಕ್ಕ ಅವಕಾಶದ ಮಟ್ಟಿಗೆ, ಬಹುಪಾಲು ತಾವೇ ಕಂಡದ್ದರ ಮೇಲೆ ಬರೆದಿರುವುದಾಗಿ ಅವರು ಹೇಳಿಕೊಂಡಿದ್ದಾರೆ. ಊರಿನ ಜನ ಕರೆಯುವ ಹೆಸರಿಗೆ ಶಾಸ್ತ್ರದ ಹೆಸರಿನ ಪಕ್ಕದಲ್ಲೇ ಜಾಗ ಸಿಕ್ಕಿತು. ಯೂರೋಪಿನಲ್ಲಿ ಕೂತು ಸತ್ತ ಪ್ರಾಣಿಯ ಚರ್ಮ ನೋಡಿ ಬರೆದವರಿಗೆ ಇದು ಸಾಧ್ಯವಿರಲಿಲ್ಲ. ಸೀಲ್ ಎಲ್ಲಿ ಉಸಿರಾಡಲು ಮೇಲೆ ಬರುತ್ತದೆ, ಯಾವ ಮೀನು ಯಾವ ತಿಂಗಳು ದಡಕ್ಕೆ ಬರುತ್ತದೆ ಎಂಬುದನ್ನು ತಲೆಮಾರುಗಳಿಂದ ಬಲ್ಲವರು ಆ ತೀರದ ಬೇಟೆಗಾರರು, ಅವರ ಹೆಂಗಸರು, ಮಕ್ಕಳು. ಅವರ ಮಾತು ಬಲ್ಲವರಿಗೆ ಆ ತಿಳಿವಳಿಕೆಯ ಬಾಗಿಲು ತೆರೆಯಿತು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಫ್ಯಾಬ್ರಿಸಿಯಸ್ ಗ್ರೀನ್‌ಲ್ಯಾಂಡಿಗೆ ಹೋದದ್ದು ಪ್ರಾಣಿಗಳನ್ನು ನೋಡಲು ಅಲ್ಲ. ಆ ಜನರ ನಂಬಿಕೆಯನ್ನು ಬದಲಿಸಿ ಕ್ರೈಸ್ತರನ್ನಾಗಿ ಮಾಡುವುದು ಅವರಿಗೆ ಒಪ್ಪಿಸಿದ ಕೆಲಸ. ಕಲಿಸಲು ಹೋದವರು ಅವರು. ಕಡಲಿನ ವಿಷಯದಲ್ಲಿ ಮಾತ್ರ ಶಿಷ್ಯರಾಗಿ ಕೂತರು. ಆದರೂ ಪುಸ್ತಕದ ಮೊದಲ ಪುಟದಲ್ಲಿರುವುದು ಅವರೊಬ್ಬರ ಹೆಸರು. ಅವರಿಗೆ ಕಯಾಕ್ ಕಲಿಸಿದ ಗುರು, ಪ್ರಾಣಿಗಳ ಹೆಸರು ಹೇಳಿಕೊಟ್ಟ ಹೆಂಗಸು ಆ ಪುಟದಲ್ಲಿ ಇಲ್ಲ. ಫ್ಯಾಬ್ರಿಸಿಯಸ್ ಅವರನ್ನು ಮೆಚ್ಚುವಾಗ ಇದನ್ನೂ ನೆನೆಯುವುದು ನ್ಯಾಯ.

ಅವರ ಮುಂದಿನ ಬದುಕು ಡೆನ್ಮಾರ್ಕಿನಲ್ಲಿ ಕಳೆಯಿತು. ಕೆಲವು ಊರುಗಳಲ್ಲಿ ಸೇವೆ ಮಾಡಿ 1783ರಲ್ಲಿ ಕೋಪನ್‌ಹೇಗನ್ನಿಗೆ ಬಂದು ಅನಾಥಾಲಯದ ಪಾದ್ರಿಯಾದರು. 1789ರಿಂದ ಅದೇ ನಗರದ ಕ್ರಿಶ್ಚಿಯನ್ಸ್‌ಹಾವ್ನ್ ಭಾಗದ ಚರ್ಚಿನಲ್ಲಿ ಕೊನೆಯವರೆಗೂ ಇದ್ದರು. ತಾವು ಓದಿದ ಗ್ರೀನ್‌ಲ್ಯಾಂಡ್ ಶಾಲೆಯಲ್ಲೇ ಆ ಭಾಷೆಯನ್ನು ಹೊಸ ತರುಣರಿಗೆ ಕಲಿಸಿದರು. ಗ್ರೀನ್‌ಲ್ಯಾಂಡಿನ ಸೀಲ್‌ಗಳ ಬಗ್ಗೆ ದೀರ್ಘವಾಗಿ ಬರೆದರು. 1791ರಲ್ಲಿ ಗ್ರೀನ್‌ಲ್ಯಾಂಡಿನ ಭಾಷೆಯ ವ್ಯಾಕರಣ, 1804ರಲ್ಲಿ ನಿಘಂಟು ಹೊರತಂದರು. ಎರಡನ್ನೂ ಗುರು ಪೌಲ್ ಎಗೆಡೆ ಮಾಡಿದ್ದ ಕೆಲಸವನ್ನು ತಿದ್ದಿ ಬೆಳೆಸಿದ ಪುಸ್ತಕಗಳೆಂದೇ ಕರೆದರು. ಹೊಸ ಒಡಂಬಡಿಕೆಯನ್ನೂ ಆ ಭಾಷೆಗೆ ತಂದರು.

ಕನ್ನಡಿಗರಾದ ನಮಗೆ ಇಲ್ಲಿ ರೆವರೆಂಡ್ ಕಿಟೆಲ್ ನೆನಪಾಗುತ್ತಾರೆ. ಜರ್ಮನಿಯಿಂದ ಮಿಷನರಿಯಾಗಿ ಬಂದ ಫರ್ಡಿನೆಂಡ್ ಕಿಟೆಲ್ ಕನ್ನಡ ಕಲಿತು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ದೊಡ್ಡ ಕನ್ನಡ ನಿಘಂಟನ್ನು ಕೊಟ್ಟರು. ನಿಘಂಟು ಮಾಡುವವರಿಗೂ ಜೀವಿಗಳನ್ನು ಗುರುತಿಸುವವರಿಗೂ ಬೇಕಾದ ಗುಣ ಒಂದೇ. ಒಂದು ಪದವನ್ನು ಇನ್ನೊಂದರಿಂದ, ಒಂದು ಜೀವಿಯನ್ನು ಇನ್ನೊಂದರಿಂದ ಬೇರ್ಪಡಿಸುವ ತಾಳ್ಮೆ. ಎಲ್ಲಕ್ಕೂ ಮೊದಲು, ಬಲ್ಲವರನ್ನು ಕೇಳುವ ವಿನಯ. ಫ್ಯಾಬ್ರಿಸಿಯಸ್ ಒಬ್ಬರೇ ಈ ಎರಡೂ ಕೆಲಸ ಮಾಡಿದರು.

1818ಕ್ಕೆ ಅವರು ಸೇವೆಗೆ ಸೇರಿ ಐವತ್ತು ವರ್ಷವಾಯಿತು. ಆ ವರ್ಷ ಅವರಿಗೆ ಬಿಷಪ್ ಎಂಬ ಗೌರವ ಪದವಿ ಸಿಕ್ಕಿತು. ಅದೂ ಒಂದು ಸುವರ್ಣ ಮಹೋತ್ಸವವೇ. 1822ರ ಮೇ 20ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಕೋಪನ್‌ಹೇಗನ್ನಿನಲ್ಲಿ ತೀರಿಕೊಂಡರು.

ಅವರು ಹೋದ ಏಳು ವರ್ಷಕ್ಕೆ, 1829ರಲ್ಲಿ, ಎಶ್‌ಶೋಲ್ಟ್ಸ್ ಎಂಬ ವಿಜ್ಞಾನಿ ಬಾಚಣಿಗೆ ಜೆಲ್ಲಿಗಳನ್ನು ಲೋಳೆಮೀನುಗಳಿಂದ ಬೇರೆ ಗುಂಪಾಗಿ ನಿಲ್ಲಿಸಿ ಟೆನೊಫೋರಾ ಎಂದು ಕರೆದರು. ಬಾಚಣಿಗೆ ಹೊತ್ತವು ಎಂದು ಆ ಗ್ರೀಕ್ ಪದದ ಅರ್ಥ. ಇಂದು ಲೋಕದ ಕಡಲುಗಳಲ್ಲಿ ನೂರೈವತ್ತರಿಂದ ಇನ್ನೂರು ಪ್ರಭೇದಗಳನ್ನು ಗುರುತಿಸಿದ್ದಾರೆ. ನಮ್ಮ ದೇಶದ ಕರಾವಳಿಯ ನೀರಿನಲ್ಲೂ ಈ ಬಳಗದವು ಇವೆ. ಉತ್ತರದ ಕಡಲುಗಳ ಸೌತೆಕಾಯಿ ಬಳಗದಲ್ಲಿ ಯಾವುದು ಯಾವ ಪ್ರಭೇದ ಎಂಬುದನ್ನು ಈಗ ಡಿಎನ್‌ಎ ಪರೀಕ್ಷೆಯಿಂದ ಮತ್ತೆ ಪರಿಶೀಲಿಸುತ್ತಿದ್ದಾರೆ. ಹೀಗೆ ಅವರ ಕೆಲಸ ಮುಗಿದು ಹೋಗಿಲ್ಲ, ಮುಂದುವರಿದಿದೆ. ಮಾರ್ಟೆನ್ಸ್ ಹೋಗಿದ್ದ ಸ್ಪಿಟ್ಸ್‌ಬರ್ಗನ್ ದ್ವೀಪದಲ್ಲೇ 2008ರಿಂದ ನಮ್ಮ ಭಾರತದ ಹಿಮಾದ್ರಿ ಎಂಬ ಸಂಶೋಧನಾ ಠಾಣೆ ಇದೆ. ಈ ಶಾಲೆಯ ಮಗುವೊಂದು ಒಂದು ದಿನ ಅಲ್ಲಿ ನಿಂತು ಆ ಮೊಟ್ಟೆಯನ್ನು, ಸೌತೆಕಾಯಿಯನ್ನು ಕಣ್ಣಾರೆ ನೋಡಬಾರದು ಎಂದೇನಿಲ್ಲ.

ಆದರೆ ಅಷ್ಟು ದೂರ ಹೋಗಲೇಬೇಕೆಂದೂ ಇಲ್ಲ. ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದವರೆಗೆ ನಮ್ಮ ಸುತ್ತ ಕಾಡಿದೆ. ಆ ಕಾಡಿನ ಮರ, ಹುಳು, ಜೇನು, ಗೆಡ್ಡೆಗಳನ್ನು ಬಲ್ಲ ಸೋಲಿಗರು ಅಲ್ಲಿನ ಪೋಡುಗಳಲ್ಲಿದ್ದಾರೆ. ಅವರ ಮಕ್ಕಳು ನಮ್ಮ ಸೀಮೆಯ ಶಾಲೆಗಳಲ್ಲಿ ಓದುತ್ತಿದ್ದಾರೆ. ಈಚಿನ ವರ್ಷಗಳಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸಿಕ್ಕ ಹೊಸ ಕಣಜವೊಂದರ ಕುಲಕ್ಕೆ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಸೋಲಿಗ ಎಂದೇ ಹೆಸರಿಟ್ಟರು. ಕಾಡನ್ನು ಬಲ್ಲ ಜನರಿಗೆ ಸಲ್ಲಿಸಿದ ಗೌರವ ಅದು. ಫ್ಯಾಬ್ರಿಸಿಯಸ್ ಅವರ ಕಾಲದಲ್ಲಿ ಮೊದಲ ಪುಟಕ್ಕೆ ಬಾರದ ಜನ ಈಗ ಜೀವಿಯ ಹೆಸರಿನಲ್ಲೇ ಬಂದಿದ್ದಾರೆ.

ನನ್ನ ಅಜ್ಜಿ ಆಡು ಮೇಯಿಸುತ್ತಿದ್ದರು. ಶಾಲೆಯ ಮುಖ ಕಂಡವರಲ್ಲ. ಯಾವ ಸೊಪ್ಪು ತಿಂದರೆ ಆಡಿಗೆ ಹೊಟ್ಟೆ ಉಬ್ಬುತ್ತದೆ, ಯಾವ ಹುಲ್ಲು ಮೊದಲ ಮಳೆಗೆ ಏಳುತ್ತದೆ, ಯಾವುದು ಆಮೇಲೆ, ಎಲ್ಲಕ್ಕೂ ಹೆಸರು ಹೇಳುತ್ತಿದ್ದರು. ನಾನು ಅವರ ಹಿಂದೆ ಓಡಾಡುತ್ತಾ ಕೇಳಿದೆ, ಒಂದನ್ನೂ ಬರೆದುಕೊಳ್ಳಲಿಲ್ಲ. ಇಂದು ನೆನಪು ಮಾಡಿಕೊಂಡರೆ ನಾಲ್ಕೈದು ಹೆಸರು ಬಂದರೆ ಹೆಚ್ಚು. ಆ ಹೆಸರು ಯಾವ ಗಿಡದ್ದು ಎಂದು ಕೇಳಿದರೆ ತೋರಿಸಲು ನನಗೆ ಬಾರದು. ಎಂಜಿನಿಯರಿಂಗ್ ಓದಿದ ಮೇಲೂ ಆ ವಿದ್ಯೆ ನನಗಿಲ್ಲ. ಅಜ್ಜಿಯ ಜೊತೆಗೇ ಅದು ಹೊರಟುಹೋಯಿತು.

ಹಾಗಾಗಿ ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಗುರುಗಳಿಗೂ ಮಕ್ಕಳಿಗೂ ಒಂದು ವಿನಂತಿ. ಶಾಲೆಯಲ್ಲಿ ಒಂದು ದಪ್ಪನೆಯ ನೋಟ್‌ಬುಕ್ ಇಡೋಣ. ಒಂದು ಜೀವಿಗೆ ಒಂದು ಪುಟ. ಹಕ್ಕಿಯಾಗಲಿ, ಹುಳುವಾಗಲಿ, ಹುಲ್ಲಾಗಲಿ. ಫ್ಯಾಬ್ರಿಸಿಯಸ್ ಹಾಕಿಕೊಂಡ ತಲೆಬರಹಗಳನ್ನೇ ಹಾಕೋಣ. ನಮ್ಮ ಮನೆಯಲ್ಲಿ ಕರೆಯುವ ಹೆಸರು, ರೂಪ, ಇರುವ ಜಾಗ, ಆಹಾರ, ನಡತೆ, ಉಪಯೋಗ. ಶಾಸ್ತ್ರೀಯ ಹೆಸರಿನ ಜಾಗ ಖಾಲಿ ಇದ್ದರೆ ಇರಲಿ, ಮುಂದೆ ಗೊತ್ತಿದ್ದವರು ತುಂಬುತ್ತಾರೆ. ಪುಟದ ಕೊನೆಗೆ ಅವರು ಹಾಕದ ಒಂದು ಸಾಲನ್ನು ನಾವು ಸೇರಿಸೋಣ. ಇದನ್ನು ಹೇಳಿಕೊಟ್ಟವರು ಯಾರು ಎಂದು ಅಜ್ಜಿಯ, ತಾತನ, ಪೋಡಿನ ಹಿರಿಯರ ಹೆಸರನ್ನು ಪೂರ್ತಿಯಾಗಿ ಬರೆಯೋಣ. ನೋಟ್‌ಬುಕ್ಕು, ಪೆನ್ನು ನನ್ನ ಬ್ಯಾಚಿನವರ ಕಡೆಯಿಂದ. ಕೇಳುವ ಕೆಲಸ ಮಾತ್ರ ಮಕ್ಕಳೇ ಮಾಡಬೇಕು, ಹೇಳುವವರು ನಮ್ಮ ನಡುವೆ ಇರುವಾಗಲೇ.